ಟವೆಲ್ಲಿನ ಮರೆಯಲ್ಲಿ

ಸಂಜೆ ಐದರ ಹೊತ್ತಿಗೆ ವೈಷ್ಣವಿಯ ಲ್ಯಾಪ್‌ಟಾಪ್ ಮುಂದೆ ವಾದ ಜೋರಾಯಿತು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿದ ಹುಡುಗಿಗೆ ಎರಡು ಯೂನಿವರ್ಸಿಟಿಗಳು ಮೂರನೇ ವರ್ಷಕ್ಕೆ ಸೀಟು ಕೊಟ್ಟಿದ್ದವು. ಯಾವುದಾದರೂ ಒಂದಕ್ಕೆ ಹೂಂ ಅನ್ನಲು ಅದೇ ಕೊನೆಯ ದಿನ. ಅವಳಪ್ಪ ಪ್ರವೀಣನದು ಸ್ಯಾನ್ ಡಿಯಾಗೊ ಪಟ್ಟು: ರಾಂಚೊ ಬರ್ನಾರ್ಡೊದ ಈ ಮನೆಯಿಂದಲೇ ಹೋಗಿಬರಬಹುದು, ಡಿಗ್ರಿಯ ಮೇಲೆ ಫೈನಾನ್ಸ್ ಎಂದೇ ಇರುತ್ತದೆ. ಸಲಹೆ ಕೊಡಲೆಂದೇ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಊರಿನಿಂದ ಬಂದಿದ್ದ ಸ್ನೇಹಿತ ಬಾಲಕೃಷ್ಣ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವನು, ಲಾಸ್ ಏಂಜಲೀಸ್ ಬಿಟ್ಟು ಕೆಳಗಿಳಿಯಲಿಲ್ಲ. ಅಲ್ಲಿ ಫೈನಾನ್ಸ್ ಇಲ್ಲ, ಎಕನಾಮಿಕ್ಸ್ ಓದಬೇಕು. ಇರಲಿ, ಹೆಸರು ದೊಡ್ಡದು.

ಸೋಫಾದ ಮೂಲೆಯಲ್ಲಿದ್ದ ಅಜ್ಜ ರೇವಣಸಿದ್ದಪ್ಪನವರಿಗೆ ಅದರಲ್ಲಿ ಅರ್ಧ ಮಾತು ತಿಳಿಯಲಿಲ್ಲ. ಮೊಮ್ಮಗಳು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದ್ದು ಮಾತ್ರ ಕಂಡಿತು. ಒಬ್ಬರ ಮಾತಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಬೇಜಾರು. ಅವಳು ಇಲ್ಲೇ ಉಳಿಯಲೆಂಬ ಆಸೆ ಅವರಿಗೂ ಇತ್ತು. ಸಂಜೆ ಅವರ ಜೊತೆ ವಾಕಿಂಗ್ ಬರುವವಳು ಅವಳೊಬ್ಬಳೇ. ಆದರೂ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು.

ವಿಜಯಪುರದ ದನದ ಸಂತೆಯಲ್ಲಿ ನಲವತ್ತು ವರ್ಷ ದಲ್ಲಾಳಿಯಾಗಿದ್ದವರು ಅವರು. ಟವೆಲ್ಲಿನ ಕೆಳಗೆ ಕೈ ಸೇರಿಸಿ, ಎದುರಿನವರ ಬೆರಳು ಹಿಡಿದು ಬೆಲೆ ಹೇಳುವುದು. ಮುಖದಲ್ಲಿ ಏನೂ ಕಾಣಬಾರದು. ಬೆರಳು ಬಿಟ್ಟ ಮೇಲೆಯೇ ಟವೆಲ್ ತೆಗೆಯಬೇಕು. ವೈಷ್ಣವಿ ಚಿಕ್ಕವಳಿದ್ದಾಗ ಚಾಕಲೇಟಿನ ವ್ಯಾಪಾರವೆಲ್ಲ ಅವಳೊಂದಿಗೆ ಹೀಗೇ ನಡೆದಿತ್ತು.

"ಬಾ ಇಲ್ಲೆ. ಒಂದ ಬೆರಳಂದ್ರ ಲಾಸ್ ಏಂಜಲೀಸ್, ಎರಡಂದ್ರ ಸ್ಯಾನ್ ಡಿಯಾಗೊ. ಬಾಯಿ ಬಿಡಬ್ಯಾಡ."

"ಅಪ್ಪಾ, ಇದು ದನದ ಸಂತಿ ಅಲ್ರಿ," ಎಂದ ಪ್ರವೀಣ.

"ಅಲ್ಲಪಾ. ಸಂತ್ಯಾಗ ಎತ್ತಿನ್ನ ಯಾರೂ ಕೇಳಂಗಿಲ್ಲ. ಇಲ್ಲೆ ಕೇಳಬೇಕಾಗ್ತದ."

ಬಾಲಕೃಷ್ಣ ನಕ್ಕ. ವೈಷ್ಣವಿ ಬಂದು ಪಕ್ಕದಲ್ಲಿ ಕುಳಿತು ಟವೆಲ್ಲಿನೊಳಗೆ ಬಲಗೈ ಹಾಕಿದಳು. ತಡಮಾಡಲಿಲ್ಲ. ಅಜ್ಜನ ಒಂದೇ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದಳು.

ರೇವಣಸಿದ್ದಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ, ತಿಂಗಳಿಗೆ ಎಷ್ಟು ಭಾನುವಾರ ಮನೆಗೆ ಬರುತ್ತೀ ಎಂದು ಪಿಸುಗುಟ್ಟಿ, ಅವಳ ನಾಲ್ಕು ಬೆರಳು ಹಿಡಿದರು. ಅವಳು ನಗು ತಡೆದುಕೊಂಡು ಅವರ ಎರಡು ಬೆರಳು ಹಿಡಿದಳು. ಅವರು ಮತ್ತೆ ನಾಲ್ಕು. ಅವಳು ಸ್ವಲ್ಪ ಯೋಚಿಸಿ, ಅವರ ಮುಷ್ಟಿಯಿಂದ ತನ್ನ ಒಂದೇ ಒಂದು ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಮುಗೀತು. ಲಾಸ್ ಏಂಜಲೀಸ್," ಎಂದರು ಅವರು.

ಪ್ರವೀಣ ಮಗಳನ್ನು ನೋಡಿದ. ಈಗ ಅವಳಿಗೆ ಬಾಯಿ ಬಂದಿತು. "ಪಪ್ಪಾ, ಅಲ್ಲಿನ ಸೀನಿಯರ್ಸ್ ಹತ್ರ ನಾನೇ ಮಾತಾಡಿದೀನಿ. ಎಕನಾಮಿಕ್ಸ್ ಓದಿ ಫೈನಾನ್ಸ್‌ಗೆ ಹೋದವರು. ಅಂಕಲ್ ಹೇಳಿದ್ರು ಅಂತ ಅಲ್ಲ. ಆ ಕೋರ್ಸ್‌ಗಳು ನಂಗೆ ಬೇಕು."

ಬಾಲಕೃಷ್ಣನ ಗೆದ್ದ ನಗು ಅರ್ಧಕ್ಕೇ ನಿಂತಿತು. ಪ್ರವೀಣ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ. "ಒಂದು ಬೆರಳಿಗೆ ಇಷ್ಟು ಹೊತ್ತು ಏನ್ ವ್ಯಾಪಾರ ನಡೀತು, ಯಜಮಾನ್ರೇ?" ಎಂದು ಬಾಲಕೃಷ್ಣ ಕೇಳಿದ.

"ಅದನ್ನ ದಲ್ಲಾಳಿ ಹೇಳಂಗಿಲ್ಲ," ಎಂದು ರೇವಣಸಿದ್ದಪ್ಪನವರು ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡರು.

ಅವಳ ಮೂರು ಬೆರಳು ಇನ್ನೂ ಅವರ ಮುಷ್ಟಿಯಲ್ಲೇ ಇದ್ದವು. ವೈಷ್ಣವಿ ಎಡಗೈಯಲ್ಲೇ ಬಟನ್ ಒತ್ತಿದಳು.