ನೀಲವ್ವನ ಪಾಳಿ

ಆಸ್ಪತ್ರೆ ಬೆಳಿಗ್ಗೆಯೇ ಮಡಿಚಿದ್ದ ಕಾಲು ಬಿಡಿಸಿ ಎದ್ದು ನಿಂತಿತ್ತು. ಜಿಲ್ಲಾ ಕೇಂದ್ರಕ್ಕೆ ನಡೆದು ಹೋಗಲು ಅದಕ್ಕೆ ಆದೇಶವಾಗಿತ್ತು. ಒಳಗೆ ಒಬ್ಬ ರೋಗಿಯಿದ್ದರೂ ಅದು ಹೆಜ್ಜೆ ಇಡುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಊರವರು ನಲವತ್ತು ದಿನದಿಂದ ಪಾಳಿಯ ಮೇಲೆ ಬಂದು, ಜ್ವರದ ನೆಪ ಹೇಳಿ ಮಲಗುತ್ತಿದ್ದರು. ಇಂದು ಹೂ ಮಾರುವ ನೀಲವ್ವನ ಪಾಳಿ.

ನರ್ಸ್ ಮೆಹಜಬೀನ್ ಎಂದಿನಂತೆ ಬಿಸಿ ಚಹಾದಲ್ಲಿ ಅದ್ದಿದ ಥರ್ಮಾಮೀಟರ್ ತಂದಳು. ಆಸ್ಪತ್ರೆಯನ್ನು ಹೊರಡಿಸಲು ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಅದನ್ನು ಕಸಿದುಕೊಂಡು, ಝಾಡಿಸಿ ಪಾದರಸ ಇಳಿಸಿದರು. "ನನ್ನ ಮುಂದ ಇಡ್ರಿ. ಜ್ವರ ಇಲ್ಲಂದ್ರ ಈಗಿಂದೀಗ ಡಿಸ್ಚಾರ್ಜ್."

ಅದನ್ನು ನೀಲವ್ವನ ಕಂಕುಳಲ್ಲಿಟ್ಟು ನರ್ಸ್, ಅಧಿಕಾರಿ ಇಬ್ಬರೂ ಕಾದರು. ಪಾದರಸ ನೂರಾ ನಾಲ್ಕಕ್ಕೆ ಏರಿತು. ಅಧಿಕಾರಿ ಥರ್ಮಾಮೀಟರ್ ಹಿಂದಿರುಗಿಸಿ ಹೊರಟರು. ಕೆಳಗೆ ನೆರೆದಿದ್ದ ಊರ ಜನ ಚಪ್ಪಾಳೆ ತಟ್ಟಿದರು.

ಮೆಹಜಬೀನ್ ನೀಲವ್ವನ ಹಣೆ ಮುಟ್ಟಿದಳು. ಸುಡುತ್ತಿತ್ತು. "ಯಾವಾಗಿಂದ ಐತಿ, ನೀಲವ್ವಾ?"

"ನಾಕ್ ದಿನ ಆತ್ರಿ. ನನ್ನ ಪಾಳಿ ಬರ್ಲಿ ಅಂತ ತಡಕೊಂಡಿದ್ದೆ."