ಹೆಚ್ಚಿನ ಸಾವಿರ ಹಂದಿ

"ಎಷ್ಟು ಹಂದಿ ಅಂದ್ರಿ?" ಪ್ರೊಫೆಸರು ಕೂತಲ್ಲಿಂದಲೇ ಕೇಳಿದರು.

"ಮೂರು ಸಾವಿರ ಸರ್," ವೇದಿಕೆಯ ಮೇಲೆ ಪ್ರಬಂಧ ಓದುತ್ತಿದ್ದ ಹೊಸ ಲೆಕ್ಚರರ್ ತಡವರಿಸಿದಳು. "ದೆವ್ವ ಹೊಕ್ಕು ನೀರಿಗೆ ಬಿದ್ದ ಹಂದಿಗಳು. ಬೈಬಲ್ಲಿನ ಮಾರ್ಕನ ಸುವಾರ್ತೆಯಲ್ಲಿ ಬರುತ್ತೆ."

ಪ್ರೊಫೆಸರಿಗೆ ಅಷ್ಟೇ ಬೇಕಿತ್ತು. ಸುವಾರ್ತೆ ಬರೆದವರು ಒಬ್ಬರದನ್ನೊಬ್ಬರು ನೋಡಿ ಬರೆದಿಲ್ಲ, ಜನರ ಬಾಯಲ್ಲಿದ್ದದ್ದನ್ನೇ ಎಲ್ಲರೂ ಬರೆದಿಟ್ಟರು ಅಂತ ಇವಳು ಅರ್ಧ ಗಂಟೆಯಿಂದ ತಲೆ ಕೊರೆಯುತ್ತಿದ್ದಳು. ನಿನ್ನೆ ಮೊನ್ನೆ ಕಣ್ಣುಬಿಟ್ಟವಳು, ತಮಗೇ ಪಾಠ ಹೇಳುವುದೇ? ಅವರು ಎದ್ದು ನಿಂತರು. "ಮಾರ್ಕ ಬರೆದಿರೋದು ಎರಡು ಸಾವಿರ, ತಾಯಿ. ಮೂರು ಸಾವಿರ ಇರೋದು ನನ್ನ ಪುಸ್ತಕದಲ್ಲಿ ಮಾತ್ರ. ಅದು ಅಚ್ಚಿನ ತಪ್ಪು. ಸರಿಯಾದದ್ದು ಯಾರ ಬಾಯಿಂದಲಾದ್ರೂ ಬಂದೀತು. ಒಂದೇ ತಪ್ಪು ಎರಡು ಕಡೆ ಬಂದ್ರೆ ಅದು ಶುದ್ಧ ನಕಲು. ಸುವಾರ್ತೆ ಬಿಡಿಸಿಯೂ ನೋಡದವರು ಅದರ ಮೂಲ ಹುಡುಕೋಕೆ ಹೊರಟ್ರಂತೆ!"

ಸಭೆ ಗೊಳ್ಳೆಂದು ನಕ್ಕಿತು. ಪ್ರೊಫೆಸರು ಬೀಗುತ್ತಾ ಮುಂದಿನ ಸಾಲಿಗೆ ತಿರುಗಿದರು. ಅಲ್ಲಿ ಅವರಿಗೆ ಪಾಠ ಹೇಳಿದ ಮುದಿ ಗುರುಗಳು ಬೆಳಿಗ್ಗೆಯಿಂದ ತೂಕಡಿಸುತ್ತಿದ್ದರು. "ಹೇಗಿತ್ತು ಗುರುಗಳೇ, ನನ್ನ ವಾದ?"

ಗುರುಗಳು ಒಂದೇ ಕಣ್ಣು ತೆರೆದರು.

"ವಾದ ಚೆನ್ನಾಗೇ ಇದೆಯಪ್ಪ. ಆದ್ರೆ ಆ ಹೆಚ್ಚಿನ ಸಾವಿರ ಹಂದಿ ನನ್ನವು. ನೀನಿನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ ನನ್ನ ಪ್ರಬಂಧದಲ್ಲಿ ತಪ್ಪಿ ಬರೆದಿದ್ದೆ. ಅವು ನಿನ್ನ ಗೂಡಿಗೆ ಯಾವಾಗ ನುಗ್ಗಿದ್ವು?"