ಜಗಳದ ಪೆಟ್ಟಿಗೆ

ನಲ್ಲಿಕಟ್ಟೆಗೆ ಜಗಳದ ಪೆಟ್ಟಿಗೆ ಎಂಬ ಮಾತಾಡುವ ಯಂತ್ರ ಬಂದ ಮೇಲೆ ಓಣಿಯ ಹೆಂಗಸರು ನೀರಿಗಾಗಿ ಜಗಳವಾಡುವುದನ್ನೇ ಬಿಟ್ಟಿದ್ದರು. ಯಾರು ಪಟ್ಟು ಹಿಡಿಯುತ್ತಾರೆ, ಯಾರು ಸೋಲುತ್ತಾರೆ ಎಂದು ಅದೇ ತನ್ನೊಳಗೆ ಸಾವಿರ ಸಲ ಜಗಳ ಆಡಿಸಿ ನೋಡಿ ಸರದಿ ಕೂಗುತ್ತಿತ್ತು.

ಈ ವಾರವೂ ಕಾಶವ್ವನ ಸರದಿ ಕೊನೆಗೇ ಬಂತು. ಕೊನೆಯ ಕೊಡ ತುಂಬುವ ಮೊದಲೇ ನೀರು ನಿಲ್ಲುವುದು ಎಲ್ಲರಿಗೂ ಗೊತ್ತಿತ್ತು.

"ಯಾಕಲೇ ಪೆಟ್ಟಿಗಿ, ಯಾವಾಗ್ಲೂ ನಾನ ಯಾಕ ಕಡೀಗೆ?" ಆಕೆ ಕೊಡ ಕುಕ್ಕಿದಳು.

"ನೀವು ಸೋಲುವವರು. ಕಳೆದ ತಿಂಗಳು ಹಸೀನಾ ಎದುರು ಸೋತಿದ್ದೀರಿ."

"ನಾ ಎಲ್ಲಿ ಸೋತೇನಲೇ? ಆಕಿ ಹಸಿ ಬಾಣಂತಿ ಅಂತ ನಾನಾಗೇ ಬಿಟ್ಟುಕೊಟ್ಟೇನಿ! ಇವತ್ತ ಯಾರಿಗೂ ಬಿಡಂಗಿಲ್ಲ!" ಎಂದು ಕಾಶವ್ವ ನಲ್ಲಿಯ ಬುಡದಲ್ಲೇ ಕುಳಿತುಬಿಟ್ಟಳು.

ಪೆಟ್ಟಿಗೆ ಮತ್ತೊಮ್ಮೆ ಜಗಳ ಆಡಿಸಿ ನೋಡಿತು. "ಕಾಶವ್ವ ಮೊದಲು. ಹಸೀನಾ ಕೊನೆಗೆ."

ಹೆಗಲ ಮೇಲೆ ಅಳುತ್ತಿದ್ದ ಕೂಸನ್ನು ತಟ್ಟುತ್ತ ಹಸೀನಾ ಹಿಂದೆ ಸರಿದಳು. ಕಾಶವ್ವನಿಗೆ ಪೆಟ್ಟಿಗೆಯ ಮೇಲೆ ಮೈಯೆಲ್ಲ ಉರಿದುಹೋಯಿತು. ತನ್ನ ಕೊಡ ಅತ್ತ ಸರಿಸಿ, ಹಸೀನಾಳ ಕೊಡವನ್ನು ನಲ್ಲಿಗೆ ಹಿಡಿದಳು.

"ನೀವು ಮತ್ತೆ ಸೋತಿರಿ," ಎಂದಿತು ಪೆಟ್ಟಿಗೆ.

"ಸಾವಿರ ಸಲ ಜಗಳಾ ಆಡಿಸೀದಿ," ಎಂದಳು ಕಾಶವ್ವ. "ಒಮ್ಮೆರ ಈ ಕೂಸಿನ ಅಳು ಕೇಳಿಯೇನಲೇ?"